ಹನ್ನೊಂದು ಸಹಿ

ಇದೊಂದನ್ನು ಪೂರ್ತಿ ಕೇಳಿಬಿಡಿ, ಮಧ್ಯದಲ್ಲಿ ಎದ್ದು ಹೋಗಬೇಡಿ. ಗೊತ್ತಾದಾಗಿನಿಂದ ನನಗಂತೂ ಮೈಯೆಲ್ಲ ಉರಿಯುತ್ತಿದೆ.

ಗಡಿಯಾರ ರಿಪೇರಿಯವರಿಗೆ ಒಂಬತ್ತು ವರ್ಷದ ಮಗಳು. ಭಯ ಹತ್ತಿದರೆ ಮಂಚದ ಕೆಳಗೆ ಸೇರಿ ಗಂಟೆಗಟ್ಟಲೆ ಕಿರುಚುತ್ತಾಳೆ. ಶಾಲೆ ಬಿಟ್ಟು ನಾಲ್ಕು ತಿಂಗಳಾಯಿತು. ಅಂಥವರಿಗೆಂದೇ ಒಂದು ಹಗಲು ಚಿಕಿತ್ಸಾ ಕೇಂದ್ರವಿದೆ. ಬೆಳಿಗ್ಗೆ ಬಿಟ್ಟರೆ ಚಿಕಿತ್ಸೆ, ಪಾಠ, ಆಟ ಎಲ್ಲ ಮುಗಿಸಿ ಸಂಜೆ ಮನೆಗೆ ಕಳಿಸುತ್ತಾರೆ. ಅಲ್ಲಿನ ಮಕ್ಕಳ ವಿಭಾಗದಲ್ಲಿ ಉಳಿದಿದ್ದು ಒಂದೇ ಸೀಟು. ಅರ್ಜಿ ಕೊಡಲು ಇವತ್ತು ಸಂಜೆ ಐದಕ್ಕೆ ಕೊನೆ.

"ಅಲ್ಲಿ ಕಿರುಚಿದ್ರೆ ಯಾರೂ ಬೈಯಲ್ವಾ ಅಪ್ಪ?" ಎಂದು ಮಗಳು ಬೆಳಿಗ್ಗೆ ಮಂಚದ ಕೆಳಗಿನಿಂದಲೇ ಕೇಳಿದ್ದಳು.

"ಅಕ್ಕಪಕ್ಕದ ಇಬ್ಬರ ಹತ್ರ ಬರೆಸ್ಕೊಂಡು ಬನ್ನಿ, ಮಗೂಗೆ ತೊಂದ್ರೆ ಇದೆ ಅಂತ," ಎಂದ ಕೇಂದ್ರದ ಗುಮಾಸ್ತ.

"ಡಾಕ್ಟರೇ ಬರೆದುಕೊಟ್ಟಿದ್ದಾರಲ್ಲ ಸಾರ್?"

"ಡಾಕ್ಟರ್ ನೋಡೋದು ಅರ್ಧ ಗಂಟೆ. ಅಕ್ಕಪಕ್ಕದವ್ರು ದಿನಾ ನೋಡ್ತಾರೆ."

ಗಡಿಯಾರದವರಿಗೆ ಖುಷಿಯೇ ಆಯಿತು. ಅವರ ಕಟ್ಟಡದಲ್ಲಿ ಆ ಮಗುವಿನ ಮೇಲೆ ದೂರು ಹೇಳದೆ ಉಳಿದಿದ್ದು ಗೋಡೆ ಮೇಲಿನ ಹಲ್ಲಿ ಮಾತ್ರ.

ಮೊದಲು ಕೆಳಮನೆಯ ನಿವೃತ್ತ ಮೇಷ್ಟ್ರು. ದಿನಕ್ಕೆರಡು ಸಲ ಕೋಲಿನಿಂದ ಸೂರು ಕುಟ್ಟುವವರು ಇವತ್ತು ಕುರ್ಚಿ ಎಳೆದು ಕೂರಿಸಿದರು.

"ಮಗು ಅಂದ್ಮೇಲೆ ಗಲಾಟೆ ಮಾಡ್ದೆ ಇರುತ್ತೇನ್ರೀ? ನಂಗೇನೂ ಕೇಳ್ಸೋದೇ ಇಲ್ಲ."

"ನಿನ್ನೆ ಕೋಲಲ್ಲಿ ಕುಟ್ಟಿದ್ರಲ್ಲ ಮೇಷ್ಟ್ರೇ?"

"ಅದು ಜೇಡರಬಲೆ ತೆಗೀತಿದ್ದೆ."

ಎದುರುಮನೆಯ ಟೈಲರಕ್ಕ ಹೊಲಿಗೆ ನಿಲ್ಲಿಸಲೇ ಇಲ್ಲ. "ಅಣ್ಣ, ಬಾಯಲ್ಲಾದ್ರೆ ನೂರು ಹೇಳ್ತೀನಿ. ಬರವಣಿಗೇಲಿ ಮಾತ್ರ ಬೇಡ. ಬೇಕಿದ್ರೆ ಮಗು ಬಂಗಾರ ಅಂತ ಬರೆದುಕೊಡ್ತೀನಿ, ಎಷ್ಟು ಪ್ರತಿ ಬೇಕು?"

ಹೀಗೆ ಹನ್ನೊಂದು ಬಾಗಿಲು ಸುತ್ತುವಷ್ಟರಲ್ಲಿ ಮೂರು ಗಂಟೆ. ಗಡಿಯಾರದ ಚಿಕ್ಕ ಚಕ್ರವೊಂದು ಹಾರೀತೆಂದು ಇಪ್ಪತ್ತು ವರ್ಷ ಉಸಿರು ಬಿಗಿಹಿಡಿದು ದುಡಿದ ಮನುಷ್ಯ, ಮೆಟ್ಟಿಲ ನಡುವೆ ನಿಂತು ಕುಕ್ಕರಿನಂತೆ ಸೀಟಿ ಹೊಡೆದೇಬಿಟ್ಟರು.

"ದಿನಾ ನಮ್ಮ ಬಾಗಿಲು ಬಡಿಯೋಕೆ ಕೈ ಬರುತ್ತೆ, ಒಂದು ಸಹಿ ಹಾಕೋಕೆ ಬರಲ್ವಾ? ಅವಳು ಹುಷಾರಾಗೋದು ಬೇಡ, ಸುಮ್ನಿದ್ರೆ ಸಾಕು ನಿಮ್ಗೆ!"

ಬಾಗಿಲುಗಳೆಲ್ಲ ಪಟಪಟನೆ ಮುಚ್ಚಿಕೊಂಡವು.

ನಾಲ್ಕೂವರೆಗೆ ವಾಚ್‌ಮನ್ ಒಂದು ಕಾಗದ ಹಿಡಿದು ಗೇಟಿನತ್ತ ಹೊರಟಿದ್ದ. "ಓನರ್‌ಗೆ ಕಂಪ್ಲೇಂಟು ಸಾರ್. ನಿಮ್ಮನೆ ಗಲಾಟೆ ತಡೆಯೋಕಾಗ್ತಿಲ್ವಂತೆ. ಹನ್ನೊಂದು ಮನೆಯವ್ರೂ ಸಹಿ ಹಾಕಿದ್ದಾರೆ."

ಕೇಳಿದ್ದು ಎರಡು, ಸಿಕ್ಕಿದ್ದು ಹನ್ನೊಂದು! ಗಡಿಯಾರದವರು ಅದನ್ನು ಕಿತ್ತುಕೊಂಡವರೇ ಚಪ್ಪಲಿ ಹಾಕುವುದನ್ನೂ ಮರೆತು ಕೇಂದ್ರಕ್ಕೆ ಓಡಿದರು. ಗುಮಾಸ್ತ ಬೀಗದ ಕೈ ಹುಡುಕುತ್ತಿದ್ದವನು ಕಾಗದ ಬಿಡಿಸಿ ಗಟ್ಟಿಯಾಗಿ ಓದಿದ.

"'ಗಡಿಯಾರ ರಿಪೇರಿಯವರು ಮೆಟ್ಟಿಲ ಮೇಲೆ ನಿಂತು ಕಿರುಚಾಡುತ್ತಿದ್ದಾರೆ. ಬಂಗಾರದಂಥ ಮಗುವಿಗೆ ಕಾಯಿಲೆ ಎಂದು ಬರೆದುಕೊಡಿ ಅಂತ ಎಲ್ಲರನ್ನೂ ಪೀಡಿಸುತ್ತಿದ್ದಾರೆ. ಮಗುವಿನಿಂದ ನಮಗೆ ಯಾವ ತೊಂದರೆಯೂ ಇಲ್ಲ.'"

ಮಗುವಿನ ಫೈಲು ಮುಚ್ಚಿದ. "ದೊಡ್ಡವರ ವಿಭಾಗ ಮೇಲಿನ ಮಹಡಿ. ಅಲ್ಲಿ ಸೀಟಿಗೇನೂ ಕೊರತೆ ಇಲ್ಲ. ಇಬ್ಬರ ಸಹಿ ಸಾಕು, ನಿಮ್ಮ ಹತ್ರ ಹನ್ನೊಂದಿದೆ."

ಗೋಡೆಯ ಗಡಿಯಾರ ಐದು ಹೊಡೆಯತೊಡಗಿತು. ಅದು ಆರು ನಿಮಿಷ ಮುಂದಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದಿದ್ದು ಒಬ್ಬರಿಗೇ. ಇನ್ನೂ ಹೊತ್ತಿದೆ ಎಂದು ಆ ಗಂಟೆಯ ಸದ್ದಿನ ಮೇಲೆ ಕಿರುಚಿ ಹೇಳಿದರೆ ಕಾಗದದಲ್ಲಿದ್ದದ್ದು ನಿಜವಾಗುತ್ತದೆ, ಸುಮ್ಮನಿದ್ದರೆ ಮಗಳ ಸೀಟು ಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?