ಗಡಿಯಾರದವರ ಹಿತ್ತಲು

ರಸ್ತೆಯಂಚಿನ ಬೋಳು ಮರ ರಾತ್ರೋರಾತ್ರಿ ಚಿಗುರಿಕೊಂಡದ್ದೇ ಗಡಿಯಾರದವರ ಪಾಲಿಗೆ ಮುಳುವಾಯಿತು. ಬೆಳಗ್ಗೆ ಕಿಟಕಿ ತೆರೆದ ಹೆಂಡತಿ ಮೊದಲು ಆ ಮರವನ್ನು ನೋಡಿದಳು, ಆಮೇಲೆ ತನ್ನ ಹಿತ್ತಲನ್ನು ನೋಡಿದಳು, ಕೊನೆಗೆ ಮುಸುಕೆಳೆದು ಮಲಗಿದ್ದ ಗಂಡನನ್ನು ನೋಡಿದಳು.

“ರೀ, ಊರಿಗೆಲ್ಲಾ ವಸಂತ ಬಂತು. ನಮ್ಮ ಹಿತ್ತಲಿನ ವಿಳಾಸ ಮಾತ್ರ ಅದಕ್ಕೆ ಸಿಕ್ಕಿಲ್ಲ. ಸಂಜೆ ನಾನು ಪೇಟೆಯಿಂದ ಬರೋದ್ರೊಳಗೆ ಕಳೆ ಕಿತ್ತು, ಮಣ್ಣು ಅಗೆದು, ಡಬ್ಬದಲ್ಲಿರೋ ಸಸಿ ಎಲ್ಲಾ ನೆಟ್ಟಿರ್ಬೇಕು. ಇಲ್ಲಾಂದ್ರೆ ನಾಳೇನೇ ಗಾರೆಯವನನ್ನ ಕರೆಸಿ ಪೂರ್ತಿ ಸಿಮೆಂಟ್ ಹಾಕಿಸಿಬಿಡ್ತೀನಿ!”

ಅಂದದ್ದನ್ನು ಮಾಡಿಯೇ ತೀರುವ ಹೆಂಗಸು. ಗಡಿಯಾರದವರು ಧಡಕ್ಕನೆ ಎದ್ದು ಕೂತರು. ಹಿತ್ತಲೆಂದರೆ ಅವರಿಗೂ ಪ್ರಾಣ. ಆದರೆ ಜೀವಮಾನವೆಲ್ಲಾ ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯ. ಎಳ್ಳುಕಾಳಿನಷ್ಟು ಸ್ಕ್ರೂ ಕೊಟ್ಟರೆ ಕಣ್ಣುಮುಚ್ಚಿ ತಿರುಗಿಸಿಯಾರು. ಗುದ್ದಲಿ ಕೊಟ್ಟರೆ ಯಾವ ತುದಿ ಹಿಡಿಯಬೇಕೆಂದು ಯೋಚಿಸುವವರು.

ಹೆಂಡತಿ ಅತ್ತ ಹೋದದ್ದೇ ತಡ, ಇವರು ಹಿತ್ತಲಲ್ಲೊಂದು ಮಣೆ ಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಗಡಿಯ ಚಿಮಟದಲ್ಲಿ ಒಂದೊಂದೇ ಹುಲ್ಲಿನೆಳೆ ಕೀಳಲು ಕೂತರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಟ್ಟೆಯಗಲ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಮಿಕ್ಕದ್ದೆಲ್ಲಾ ಕಾಡು.

“ಏನ್ರೀ ಇದು, ಭೂಮಿತಾಯಿಗೆ ಹುಬ್ಬು ತಿದ್ದುತಾ ಇದ್ದೀರಾ?”

ಬಲಗಡೆಯ ಗೋಡೆಯ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರ ಮೀಸೆ ಮೂಡಿತ್ತು. “ಗುದ್ದಲಿ ತಗೊಳ್ರೀ! ಕಾಲು ಅಗಲಿಸಿ! ಎತ್ತಿ! ಹೊಡೀರಿ!”

ಗಡಿಯಾರದವರು ಎತ್ತಿದರು. ಹೊಡೆದರು. ಠಣ್ ಎಂದಿತು. ಮರುಕ್ಷಣ ನೆಲದೊಳಗಿನ ನೀರಿನ ಪೈಪು ಒಡೆದು, ಕಾರಂಜಿ ಮೇಲೆದ್ದು ಮೇಷ್ಟ್ರ ಮೀಸೆಯನ್ನೇ ತೊಳೆಯಿತು.

“ಅಯ್ಯಯ್ಯೋ, ನಿಲ್ಸಿ, ನಿಲ್ಸಿ!” ಎಂದು ಎಡಗಡೆಯ ಗೋಡೆ ಹಾರಿ ಟೈಲರಣ್ಣ ಓಡಿಬಂದ. ತೂತಿನ ಮೇಲೆ ಗಡಿಯಾರದವರನ್ನು ಕೂರಿಸಿ, ಮನೆಯಿಂದ ಎಲಾಸ್ಟಿಕ್ ತಂದು, ಪೈಪಿಗೆ ಸುತ್ತಿ ಸುತ್ತಿ ಬಿಗಿದ. ಅಷ್ಟರಲ್ಲಿ ಹಿತ್ತಲೆಲ್ಲಾ ಕೆಸರುಗದ್ದೆ. ಗಡಿಯಾರದವರು ಎರಡು ಹೆಜ್ಜೆ ಇಟ್ಟು, ಜಾರಿ, ಸಸಿಯ ಡಬ್ಬಗಳ ಪಕ್ಕದಲ್ಲೇ ಧೊಪ್ಪನೆ ಬಿದ್ದರು.

“ನೀವು ಇನ್ನು ಏನೂ ಮುಟ್ಬೇಡಿ ಮಾರಾಯ್ರೆ! ಹೋಗಿ ಜಗಲಿ ಮೇಲೆ ಕೂತ್ಕೊಳ್ಳಿ!” ಎಂದು ಇಬ್ಬರೂ ಒಟ್ಟಿಗೆ ಗದರಿದರು. ಮೇಷ್ಟ್ರೂ ಗೋಡೆ ಹಾರಿ ಇತ್ತ ಇಳಿದರು.

ಆಮೇಲೆ ನಡೆದದ್ದನ್ನು ಗಡಿಯಾರದವರು ಕಣ್ಣಾರೆ ಕಂಡೂ ನಂಬಲಾರದೆ ಹೋದರು. ನೆನೆದ ಮಣ್ಣಿನಿಂದ ಕಳೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತಿತ್ತು. ಮೇಷ್ಟ್ರು “ಸಾಲು ಸರಿ ಮಾಡು!” ಎಂದು ಸಸಿಗಳಿಗೇ ಆಜ್ಞೆ ಕೊಡುತ್ತಾ ನೆಟ್ಟರು. ಟೈಲರಣ್ಣ ತನ್ನ ದೊಡ್ಡ ಕತ್ತರಿ ಹಿಡಿದು, ಹಿತ್ತಲಿನ ಹಿಂಬದಿಯ ಗಿಡದ ಬೇಲಿಯ ಮುಂದೆ ನಿಂತು, “ಈ ಬೇಲಿಗೆ ಸೊಂಟದಲ್ಲಿ ಸಡಿಲ, ತೋಳು ಉದ್ದ” ಎಂದು ಗೊಣಗುತ್ತಾ ಕತ್ತರಿಸಿದ. ನೀ ಹೆಚ್ಚೋ ನಾ ಹೆಚ್ಚೋ ಎಂಬ ಪೈಪೋಟಿಯಲ್ಲಿ ಇಬ್ಬರಿಗೂ ಬೆವರಿನ ಪರಿವೆಯೇ ಇರಲಿಲ್ಲ. ಗಡಿಯಾರದವರು ಮೂರು ಲೋಟ ಚಹಾ ಮಾಡಿ ತಂದರು; ಬಿಸಿಯಾಗಿ ಕುಡಿದದ್ದು ತಾವೊಬ್ಬರೇ.

ಇಳಿಬಿಸಿಲಿಗೆ ಹಿತ್ತಲು ಹೊಸ ಬಟ್ಟೆ ತೊಟ್ಟ ಮಗುವಿನ ಹಾಗೆ ನಗುತ್ತಿತ್ತು. ಗಡಿಯಾರದವರಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಗೇಟಿನ ಸದ್ದು, ಹೆಂಗಸರ ನಗು. ಹೆಂಡತಿಯ ಜೊತೆ ಮೇಷ್ಟ್ರ ಮನೆಯವರೂ ಟೈಲರಣ್ಣನ ಮನೆಯವರೂ ಬರುತ್ತಿದ್ದರು.

ಮೇಷ್ಟ್ರ ಮುಖ ಸುಣ್ಣವಾಯಿತು. ಗುದ್ದಲಿಯನ್ನು ಗಡಿಯಾರದವರ ಕೈಗೆ ತುರುಕಿ ಪಿಸುಗುಟ್ಟಿದರು: “ನಾನು ಮಾಡ್ದೆ ಅಂತ ಬಾಯಿ ಬಿಡ್ಬೇಡಿ! ಸೊಂಟ ಬಗ್ಗಲ್ಲ ಅಂತ ಮನೇಲಿ ಹೇಳಿದ್ದೀನಿ.”

“ನಂಗೆ ಮಣ್ಣು ಮುಟ್ಟಿದ್ರೆ ಸೀನು ಬರುತ್ತೆ ಅಂತ ಹೇಳಿದ್ದೀನಿ. ಮರ್ಯಾದೆ ಉಳಿಸಿ ಅಣ್ಣ!” ಎಂದ ಟೈಲರಣ್ಣ. ಗಡಿಯಾರದವರು ಆಗಲಿ ಎಂದು ತಲೆಯಾಡಿಸುತ್ತಿದ್ದಂತೆ ಇಬ್ಬರೂ ಒಂದೇ ನೆಗೆತಕ್ಕೆ ತಮ್ಮ ತಮ್ಮ ಗೋಡೆ ದಾಟಿಕೊಂಡರು.

ಹೆಂಡತಿ ಹಿತ್ತಲ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಮೈಯೆಲ್ಲಾ ಕೆಸರು ಮೆತ್ತಿಕೊಂಡ ಗಂಡನನ್ನು ಕಣ್ಣರಳಿಸಿ ನೋಡಿದಳು.

“ರೀ... ಇದನ್ನೆಲ್ಲಾ ನೀವೊಬ್ಬರೇ ಮಾಡಿದ್ರಾ?”

ಕೊಟ್ಟ ಮಾತು ಮಾತೇ. ಅದೂ ಅಲ್ಲದೆ ಹೆಂಡತಿ ಅವರನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತೋ. ಗಡಿಯಾರದವರು ಗುದ್ದಲಿಯನ್ನು ಹೆಗಲಿಗೇರಿಸಿ, “ಒಬ್ಬನೇ!” ಎಂದರು.

“ಪುಣ್ಯವಂತೆ ನೀನು ಕಣೇ,” ಎಂದು ಮೇಷ್ಟ್ರ ಹೆಂಡತಿ ನಿಟ್ಟುಸಿರಿಟ್ಟರು. “ನಮ್ಮವರಿಗೆ ಬಗ್ಗೋಕೇ ಆಗಲ್ಲ. ನಮ್ಮ ಹಿತ್ತಲು ಹಾವಿನ ಮನೆ ಆಗಿದೆ.”

“ನಮ್ಮದಂತೂ ಇದರ ಎರಡರಷ್ಟಿದೆ ಅಕ್ಕ,” ಎಂದಳು ಟೈಲರಣ್ಣನ ಹೆಂಡತಿ.

“ಅದಕ್ಕೇನಂತೆ!” ಗಡಿಯಾರದವರ ಹೆಂಡತಿಯ ಎದೆ ಉಬ್ಬಿತ್ತು. “ಇವರಿಲ್ವಾ? ಬರೋ ಭಾನುವಾರ ನಿಮ್ಮನೆ, ಅದರ ಮುಂದಿನ ಭಾನುವಾರ ನಿಮ್ಮನೆ. ಏನಂತೀರಿ?”

ಗಡಿಯಾರದವರು ದಿಕ್ಕೆಟ್ಟು ಎಡಕ್ಕೆ ನೋಡಿದರು. ಟೈಲರಣ್ಣ ಜೋರಾಗಿ ಸೀನಿದ. ಬಲಕ್ಕೆ ನೋಡಿದರು. ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು, ನರಳುತ್ತಾ, ಗೋಡೆಯ ಮೇಲಿಂದ ಹೇಳಿದರು:

“ಧಾರಾಳವಾಗಿ ಬನ್ನಿ ಗಡಿಯಾರದವರೇ. ಹೇಗೆ ಮಾಡ್ಬೇಕು ಅಂತ ನಾನು ಕೂತಲ್ಲಿಂದಲೇ ಹೇಳಿಕೊಡ್ತೀನಿ!”