ತತ್ತಿಗಳ ಜಳಕ

ನನ್ನ ಕೈ ಸೆಗಣಿಯಲ್ಲಿ ಮುಳುಗಿರುವಾಗಲೇ ದೇವರು ಒಳ್ಳೆಯ ಸುದ್ದಿ ಕಳಿಸುತ್ತಾನೆ. ಯಾಕೆಂದು ಕೇಳಲು ಹೋಗಿಲ್ಲ. ಕಳಿಸುತ್ತಾನಲ್ಲ, ಅಷ್ಟು ಸಾಕು. ಅಂದೂ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದೆ. ಗೋಡೆಗೆ ನಾಲ್ಕು ಬಡಿದಿದ್ದೆನೋ ಇಲ್ಲವೋ, ಒಳಗಿನಿಂದ ನಮ್ಮ ಅತ್ತೆ ಕೂಗಿದರು: "ಶಾಂತವ್ವಾ, ಲಗೂನ ಬಾರಬೇ! ಬುಟ್ಟ್ಯಾಗ ಚಿಂವ್ ಅಂದಂಗಾತು!" ಸೆಗಣಿ ಕೈಗಳನ್ನು ಮೇಲೆತ್ತಿಕೊಂಡೇ ಓಡಿದೆ.

ಒಂದು 'ಚಿಂವ್'ಗೆ ಇಷ್ಟು ಓಟ ಯಾಕೆಂದರೆ, ಅದರ ಮೇಲೆ ನಮ್ಮ ಕೆಂಚಿಯ ಜೀವ ನಿಂತಿತ್ತು. ಕೆಂಚಿ ನಮ್ಮ ಕೋಳಿ. ದುಮ್ಮವಾಡದ ತವರಿನಿಂದ ಮಿಶ್ರಿಕೋಟಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದವಳು ನಾನು. ತತ್ತಿ ಇಡುವುದರಲ್ಲಿ ಅವಳಿಗೆ ಜಿಪುಣತನವಿಲ್ಲ. ಕಾವಿಗೆ ಕೂತರೆ ತಪಸ್ಸಿಗೆ ಕೂತ ಹಾಗೆ. ಆದರೆ ಮರಿ ಮಾತ್ರ ಇಲ್ಲ. ಮೊದಲ ಸಲ ಬುಟ್ಟಿ ತುಂಬ ಕೊಳೆತ ತತ್ತಿ. ಮುಂದಿನ ಸಲ ಎರಡೇ ಮರಿ, ಅವೂ ನಮ್ಮವಲ್ಲ. ಬಾಜು ಮನೆಯ ಹುಸೇನಬಿ ದೀಪ ಹಚ್ಚುವ ಹೊತ್ತಿಗೆ ಎರಡು ತತ್ತಿ ತಂದುಕೊಟ್ಟಿದ್ದಳು. ಅತ್ತೆ ಅವನ್ನು ಹಾಗೇ ಕೆಂಚಿಯ ಅಡಿಗೆ ತಳ್ಳಿದ್ದರು. ಪುಟ್ಟ ಕಂದು ತತ್ತಿಗಳಾದ್ದರಿಂದ ಗುರುತು ಸಿಕ್ಕಿತು.

ಮನೆಯಲ್ಲಿ ಪಂಚಾಯ್ತಿ ಶುರುವಾಯಿತು. ಅತ್ತೆ ದೃಷ್ಟಿಯೆಂದರು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೆಂಚಿಯೂ ಸೇರಿ ಎಲ್ಲರೂ ಕೆಮ್ಮಿದೆವು. ಗುಡುಗಿಗೆ ತತ್ತಿ ಕೆಡುತ್ತವೆಂದು ಬುಟ್ಟಿಯಲ್ಲಿ ಕಬ್ಬಿಣದ ಮೊಳೆಯನ್ನೂ ಇಟ್ಟರು. ನಮ್ಮ ಮನೆಯವರು ರೇಡಿಯೋದ ಕೃಷಿ ಕಾರ್ಯಕ್ರಮ ತಪ್ಪದೆ ಕೇಳುವವರು. "ಹುಸೇನಬಿ ತತ್ತಿ ಅಷ್ಟ ಒಡದಾವಂದ್ರ ನಮ್ಮ ಹುಂಜದಾಗ ದಮ್ ಇಲ್ಲ" ಎಂದು ತೀರ್ಪು ಕೊಟ್ಟು, ಕಲಘಟಗಿ ಸಂತೆಯಿಂದ ಹೊಸ ಹುಂಜವನ್ನೇ ತಂದರು. ಆ ಮಹಾರಾಯ ಹುಬ್ಬಳ್ಳಿ ಬಸ್ಸಿನ ಹಾರ್ನ್ ಕೇಳಿದರೂ ಬೆಳಗಾಯಿತೆಂದು ಕೂಗುತ್ತಿದ್ದ. ಹುಂಜವೂ ಬಂದಾದ ಮೇಲೆ ತಪ್ಪು ಹೊರಲು ಉಳಿದವಳು ಕೆಂಚಿ ಒಬ್ಬಳೇ. "ಇದೊಂದ ಸಲ ನೋಡ್ತೀನಿ. ಮರಿ ಆಗಲಿಲ್ಲಂದ್ರ, ಉಗಾದಿ ಮರುದಿನ ನಿಮ್ಮಣ್ಣ ಬಂದಾಗ ಕೆಂಚೀದ ಸಾರು" ಎಂದರು ಮನೆಯವರು.

"ನಮ್ಮಣ್ಣನ ಹೆಸರ ಯಾಕ ತಗೀತೀರಿ? ನೀರ ಬಂದಿದ್ದು ನಿಮ್ಮ ಬಾಯಾಗ" ಎಂದೆ.

ನಾನೇನು ಸುಮ್ಮನಿದ್ದವಳಲ್ಲ. ಎಲ್ಲೆಲ್ಲೋ ಕೂತು ಇಟ್ಟ ತತ್ತಿ, ದೇವರ ಜಗಲಿಯಿರುವ ಮನೆಯೊಳಗೆ ಹಾಗೇ ಬರುವುದುಂಟೇ? ಮೊದಲಿನಿಂದಲೂ ಒಂದೊಂದನ್ನೂ ಒಲೆಯ ಬೂದಿ ಹಚ್ಚಿ ತಿಕ್ಕಿ, ಹಿತ್ತಾಳೆ ಚೊಂಬಿನಂತೆ ಬೆಳಗಿ, ನೀರಲ್ಲಿ ಅದ್ದಿ ಒರೆಸಿ, ಕುಂಕುಮದ ಬೊಟ್ಟಿಟ್ಟು, "ಹಣಮಪ್ಪಾ, ಕಾಯಪ್ಪಾ" ಎಂದೇ ಬುಟ್ಟಿಗಿಡುತ್ತಿದ್ದೆ. ಈ ಸಲವೂ ಹಾಗೇ ತಿಕ್ಕುತ್ತ ಕೂತಿದ್ದೆ. ಮೊರ ಕೇಳಲು ಬಂದ ಹುಸೇನಬಿ ಬಾಗಿಲಲ್ಲೇ ನಿಂತು ನಕ್ಕಳು.

"ಶಾಂತಕ್ಕಾ, ತತ್ತಿಗೆ ಜಳಕಾನ? ಇನ್ನ ಕೂಸಿನಂಗ ತಲಿಗೆ ಕುಂಚಗಿ ಕಟ್ಟಿ, ಕಲಘಟಗಿ ತೊಟ್ಲಾ ತರಸಿಬಿಡು!"

"ನೀ ತೊಳ್ಯಾಂಗಿಲ್ಲೇನ?"

"ನನ್ನ ಮಕ್ಕಳಿಗೆ ಜಳಕಾ ಮಾಡಸೂದ್ರಾಗ ಸಾಕಾಗಿರತೈತಿ. ತತ್ತಿಗೆಲ್ಲಿ ಮಾಡಸ್ಲಿ!"

ಆಕೆ ಮೊರ ತೆಗೆದುಕೊಂಡು ಹೋದಳು. ನನ್ನ ಕೈಯಲ್ಲಿ ಬೂದಿ ಹಾಗೇ ಉಳಿಯಿತು. ಮರಿಯಾದ ಆ ಎರಡು ತತ್ತಿಗಳಿಗೆ ನನ್ನ ನೀರು ಮುಟ್ಟೇ ಇರಲಿಲ್ಲ! ತೊಳೆದದ್ದೊಂದು, ತೊಳೆಯದ್ದೊಂದು ಹಿಡಿದು ಬಿಸಿಲಿಗೆ ನೋಡಿದೆ. ತೊಳೆಯದ್ದರ ಮೈಮೇಲೆ ಸುಣ್ಣದ ಹುಡಿಯಂಥ ತೆಳುವಾದ ಲೇಪ; ತೊಳೆದದ್ದು ಬೋಳುತಲೆಯಂತೆ ಮಿರಮಿರ ಮಿಂಚುತ್ತಿತ್ತು. ದೇವರು ಹೊದಿಸಿ ಕಳಿಸಿದ್ದನ್ನು ನಾನು ದೇವರ ಹೆಸರಿನಲ್ಲೇ ತಿಕ್ಕಿ ತೆಗೆಯುತ್ತಿದ್ದೆ!

ತೊಳೆದವೆಲ್ಲ ಅಂದಿನ ಅಡುಗೆಗೆ ಹೋದವು. ಪುಣ್ಯಕ್ಕೆ ಕೆಂಚಿ ಇನ್ನೂ ತತ್ತಿ ಇಡುತ್ತಲೇ ಇದ್ದಳು. ಅವಳಿಗೆ ಹೊಸ ಹುಲ್ಲು ಹಾಸಿ, ಕೊಳೆಯಾಗದ ತತ್ತಿಗಳನ್ನೇ ಆರಿಸಿ, ಒಲೆಯ ಕಾವು ತಾಗದ ಮೂಲೆಯಲ್ಲಿ ಕೂಡಿಟ್ಟೆ. ನೀರಿಲ್ಲ, ಬೂದಿಯಿಲ್ಲ, ಬೊಟ್ಟೂ ಇಲ್ಲ, ಕೈ ಮುಗಿದದ್ದಷ್ಟೇ. ಕಾವಿಗೆ ಕೂತ ಮೇಲೆ ಗಳಿಗೆಗೊಮ್ಮೆ ಅವಳನ್ನೆತ್ತಿ ಇಣುಕುವ ಚಾಳಿಯನ್ನೂ ಬಿಟ್ಟೆ. ಉಪವಾಸ ಮಾಡಿದ್ದೇನೆ, ಮಡಿ ಮಾಡಿದ್ದೇನೆ; ಕೈ ಕಟ್ಟಿ ಸುಮ್ಮನಿರುವ ವ್ರತದಷ್ಟು ಕಠಿಣವಾದದ್ದು ಇನ್ನೊಂದಿಲ್ಲ.

ಈಗ ಓಡಿಬಂದು ನೋಡುತ್ತೇನೆ, ಬುಟ್ಟಿಯ ತುಂಬ ಟಿಕ್ ಟಿಕ್! ಇಲ್ಲೊಂದು ಕೊಕ್ಕು, ಅಲ್ಲೊಂದು ರೆಕ್ಕೆ. ಕೆಂಚಿ ಊರಗೌಡತಿಯಂತೆ ಮೈ ಉಬ್ಬಿಸಿ ಕೂತಿದ್ದಳು. ಅತ್ತೆ "ನನ್ನ ಮೆಣಸಿನಕಾಯಿ ಖರೇ ಆತು" ಎಂದರು. ಹಿಂದೆಯೇ ಓಡಿಬಂದ ಮನೆಯವರು "ನೋಡಿದ್ಯಾ, ಹುಂಜಂದ್ರ ಹಿಂಗಿರಬೇಕು" ಎಂದು ಮೀಸೆ ತಿರುವಿದರು.

"ಹೌದ್ರಿ, ಹೌದ್ರಿ. ನಮ್ಮಣ್ಣಗ ಕಡ್ಲಿಹಿಟ್ಟಿನ ಜುಣಕಾ ಮಾಡ್ತೀನಿ" ಎಂದೆ. ಕೆಂಚಿಯ ಕುತ್ತಿಗೆ ಉಳಿಯಿತು. ಕೀರ್ತಿ ಯಾರಿಗೆ ಹೋದರೇನು?

ಅಷ್ಟರಲ್ಲಿ ಒಂದು ಮರಿ ಪೂರ್ತಿ ಹೊರಗೆ ಬಿತ್ತು. ಅಯ್ಯೋ, ಮೈಯೆಲ್ಲ ಅಂಟು, ಬೆನ್ನಿಗೆ ಚಿಪ್ಪಿನ ಚೂರು! ನನಗೇ ತಿಳಿಯದಂತೆ ನನ್ನ ಕೈ ನೀರಿನ ಚೊಂಬಿನತ್ತ ಹೋಗಿತ್ತು. ಅತ್ತೆ ಫಟ್ಟನೆ ಮೊಣಕೈಗೆ ಹೊಡೆದರು: "ಮರೀನೂ ತೊಳೀತಿಯೇನಬೇ? ನಡಿ, ಕುಳ್ಳು ತಟ್ಟು ನಡಿ!"

ಹಿತ್ತಲಿಗೆ ಬಂದೆ. ಬಿಸಿಲಿಗೆ ಸೆಗಣಿ ಗಟ್ಟಿಯಾಗಿತ್ತು. ತುಂಬಿದ ಚೊಂಬು ಹೊಯ್ದು, ಮನಸಾರೆ ಕಲಸಿ, ಐದನೆಯ ಕುಳ್ಳು ತಟ್ಟಿದೆ. ನನ್ನ ನೀರು ಬೇಡವೆನ್ನದ ವಸ್ತು ಮನೆಯಲ್ಲಿ ಇನ್ನೂ ಒಂದಿತ್ತಲ್ಲ, ಹಣಮಪ್ಪ ದೊಡ್ಡವನು.