ಮಾವನವರ ಮುಷ್ಟಿ

ನಮ್ಮ ಮಾವನವರು ತಮ್ಮ ಒಂದು ಕೈ ಗಟ್ಟಿ ಮಾಡಿಕೊಳ್ಳಲು ನನ್ನ ಎರಡೂ ಕೈ ಸವೆಸಿದ ಮಹಾನುಭಾವರು. ಉತ್ಪ್ರೇಕ್ಷೆ ಅಂದಿರಾ? ಒಂದು ವಾರ ನಮ್ಮನೆಯ ಸೊಸೆಯಾಗಿ ನೋಡಬೇಕಿತ್ತು ನೀವು!

ಅವರು ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರರು. ಅದಿರಿನ ಲಾರಿಗಳು ಊರಿನ ರಸ್ತೆಗಳನ್ನೆಲ್ಲ ಗುಂಡಿ ಮಾಡಿದ್ದ ಕಾಲ. ಅಂಥದೊಂದು ಗುಂಡಿಗೆ ಅವರ ಸ್ಕೂಟರ್ ಇಳಿಯಿತು, ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳಲ್ಲಿ ಕಸುವೇ ಇಲ್ಲ. "ಯುಗಾದಿ ಕಳೀಲಿ ಮಾಸ್ತರ. ಎಂಟು ಪದರ ಬಟ್ಟಿ ಕತ್ತರಿಸಿ ತೋರ್ಸ್ರಿ, ನಿಮ್ ಟೇಬಲ್ ನಿಮ್ಗೇ ಇರ್ತೈತಿ," ಎಂದರು ಮಾಲೀಕರು. ಮೂವತ್ತು ವರ್ಷ ಕತ್ತರಿ ಹಿಡಿದವರಿಗೆ ಅದಿಲ್ಲದೆ ಹೊತ್ತು ಕಳೆಯುವುದೇ ಗೊತ್ತಿರಲಿಲ್ಲ.

ಶುರುವಾಯಿತು ನೋಡಿ ಕಸರತ್ತು! ಅಕ್ಕಿಯೊಳಗೆ ಕೈಯಿಟ್ಟು ಮುಷ್ಟಿ ಬಿಗಿಯಿರಿ, ಬಿಡಿ ಎಂದು ಡಾಕ್ಟರು ಹೇಳಿದ್ದಷ್ಟೇ. ಒಂದು ಡಬ್ಬಿ ಅಕ್ಕಿ ಸಾಲದೇ? ಮಾವನವರು ಸಿರುಗುಪ್ಪದಿಂದ ತರಿಸಿದ್ದ ಅಕ್ಕಿಯ ಚೀಲಕ್ಕೇ ಮೊಣಕೈವರೆಗೆ ಇಳಿದರು. ಇಳಿಯುವ ಮೊದಲು ಕೈತುಂಬ ನೋವಿನ ಎಣ್ಣೆ ಬೇರೆ! ಎರಡು ತಿಂಗಳು ನಮ್ಮನೆಯ ಅನ್ನ ಔಷಧಿ ಅಂಗಡಿಯ ವಾಸನೆ ಹೊಡೆಯಿತು. ಊಟಕ್ಕೆ ಬಂದ ಬೀಗರೊಬ್ಬರು ಎರಡು ತುತ್ತು ನುಂಗಿ, "ಯಾರಿಗ್ರಿ ಮೊಣಕಾಲು ನೋವು, ನಿಮ್ಮನ್ಯಾಗ?" ಎಂದರು.

ಆಮೇಲೆ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಕಲ್ಲು. ಕೋಲು ತಿರುವುತ್ತ ಕಲ್ಲನ್ನು ಮೇಲಕ್ಕೆಳೆಯಬೇಕು. ನಾವಿರುವ ಗಾಂಧಿನಗರದಲ್ಲಿ ಕಲ್ಲಿಗೆ ಬರವೇ? ಉಹೂಂ, ನನ್ನ ತವರು ಕುರುಗೋಡಿನ ಕಲ್ಲೇ ಆಗಬೇಕು!

"ಅಲ್ಲೀ ಕಲ್ಲು ಭಾಳ ಗಟ್ಟಿ ಐತವ್ವಾ."

"ಭಾರ ಒಂದಽ ಅಲ್ಲೇನ್ರಿ ಮಾವಾರ?"

"ನಿಂಗ ತಿಳೀದಿಲ್ಲ, ಬಾ."

ಕೈ ಗಟ್ಟಿಯಾಗಬೇಕಾದದ್ದು ಅವರದು. ಬಸ್ಸಿನಲ್ಲಿ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ನಾನು. ಕಂಡಕ್ಟರ್ ಕಲ್ಲು ನೋಡಿದ, ನನ್ನ ಮುಖ ನೋಡಿದ, ಲಗೇಜಿಗೆ ಟಿಕೆಟ್ ಹರಿಯದೆ ಮುಂದೆ ಹೋದ. ಪುಣ್ಯಾತ್ಮ!

ಇನ್ನು ಬಟ್ಟೆ. ಒಣಹಾಕಿದ್ದೆಲ್ಲ ಅದಿರಿನ ಧೂಳಿಗೆ ಕೆಂಪಾಗಿ, ಮತ್ತೆ ಒಗೆಯಬೇಕು. ನನಗೆ ಅಳು ಬರುತ್ತಿತ್ತು, ಅವರಿಗೆ ಹಬ್ಬ. "ತಾ ಇಲ್ಲಿ, ನಾ ಹಿಂಡ್ತೀನಿ!" ದುಪ್ಪಟಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವರು ಏದುಸಿರು ಬಿಡುತ್ತ, ಗೆದ್ದ ಮುಖ ಮಾಡಿ ಒಳಗೆ ಹೋದ ಮೇಲೆ ನಾನು ಅದನ್ನೇ ಮತ್ತೆ ಹಿಂಡುತ್ತಿದ್ದೆ. ಅರ್ಧ ಬಕೆಟ್ ನೀರು ಇಳಿಯುತ್ತಿತ್ತು. ನಿಜ ಹೇಳಬೇಕೆಂದರೆ, ನನಗೆ ಸಾಕಾಗಿಹೋಗಿತ್ತು.

ಯುಗಾದಿ ಕಳೆಯಿತು. ನಮ್ಮ ಯಜಮಾನರಿಗೆ ಡ್ಯೂಟಿ, ಹಾಗಾಗಿ ಮಾವನವರ ಜೊತೆ ಕಾರ್ಖಾನೆಗೂ ನಾನೇ. ಟೇಬಲ್ಲಿನ ಮೇಲೆ ಎಂಟು ಪದರ ಜೀನ್ಸ್ ಬಟ್ಟೆ. ಮಾವನವರು ಕತ್ತರಿಯನ್ನು ಕಣ್ಣಿಗೊತ್ತಿಕೊಂಡು ಹಿಡಿದರು. ಒಂದು ಗೇಣು ಸರಾಗವಾಗಿ ಹೋಯಿತು. ಅಷ್ಟೇ, ನಿಂತಿತು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಕೊನೆಗೆ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು, "ಬ್ಯಾರೆ ಯಾರರ ಹಿಡೀಲಿ ಬಿಡ್ರಿ, ಬಟ್ಟಿ ಕೆಡತೈತಿ," ಎಂದರು.

ಹೊರಗೆ ಲಾರಿಗಳು ಒಂದರ ಹಿಂದೊಂದು. ರಸ್ತೆ ದಾಟಿಸಲೆಂದು ಅವರ ಬಲಗೈ ಹಿಡಿದುಕೊಂಡೆ. ಅವರೂ ಹಿಡಿದರು, ಇದ್ದ ಶಕ್ತಿಯೆಲ್ಲ ಹಾಕಿ. ಹಲ್ಲು ಕಚ್ಚಿದ್ದರು. ಆದರೆ ಹಸುಗೂಸು ಹಿಡಿದಷ್ಟೂ ನನ್ನ ಬೆರಳಿಗೆ ತಾಗಲಿಲ್ಲ. ದುಃಖ ಉಕ್ಕಿ ಬಂತು.

"ನೋವಾತೇನವ್ವಾ?" ಎಂದು ಆಸೆಯಿಂದ ಕೇಳಿದರು.

"ಹೂಂನ್ರಿ ಮಾವಾರ, ಒಂಚೂರು ಸಡ್ಲ ಹಿಡೀರಿ," ಎಂದೆ.

ಕೂಡಲೇ ಸಡಿಲಿಸಿದರು. ನಾನೇ ಬಿಗಿಯಾಗಿ ಹಿಡಿದುಕೊಂಡು ರಸ್ತೆ ದಾಟಿದೆ.